ಗೋಡೆಯ ಮೇಲಿನ ಚಿತ್ರವೂ ಪಾಠ ಹೇಳಬಲ್ಲದು: ತರಗತಿಯಲ್ಲಿ ಮಾಹಿತಿಚಿತ್ರಗಳ ಬಳಕೆ

ನಮ್ಮ ಸಮಾಜದ ಮದುವೆ ಪತ್ರಿಕೆ, ಪಂಚಕಲ್ಯಾಣದ ಆಮಂತ್ರಣ, ಬಸದಿಯ ರಶೀದಿ ಪುಸ್ತಕ, ಯಾವುದನ್ನು ಕೈಗೆತ್ತಿಕೊಂಡರೂ ಮೇಲ್ಭಾಗದಲ್ಲಿ ಜೈನ ಪ್ರತೀಕ ಕಾಣುತ್ತದೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974-75ರಲ್ಲಿ, ಎಲ್ಲ ಪಂಥದವರೂ ಒಪ್ಪಿಕೊಂಡ ಚಿಹ್ನೆ ಅದು. ಹೊರಗಿನ ಗೆರೆ ಲೋಕದ ಆಕಾರ. ಮೇಲಿನ ಅರ್ಧಚಂದ್ರ ಸಿದ್ಧಶಿಲೆ, ಅದರ ಮೇಲಿನ ಬಿಂದು ಸಿದ್ಧಜೀವ. ಕೆಳಗಿನ ಮೂರು ಚುಕ್ಕೆ ರತ್ನತ್ರಯ. ಸ್ವಸ್ತಿಕದ ನಾಲ್ಕು ತೋಳು ದೇವ, ಮನುಷ್ಯ, ತಿರ್ಯಂಚ, ನರಕ ಎಂಬ ನಾಲ್ಕು ಗತಿ. ಅದರ ಕೆಳಗೆ ಅಭಯ ನೀಡುವ ಅಂಗೈ, ಅಂಗೈಯಲ್ಲಿ ಚಕ್ರ, ಚಕ್ರದ ನಡುವೆ ‘ಅಹಿಂಸಾ’. ಜೀವಿಗಳು ಒಂದಕ್ಕೊಂದು ಉಪಕಾರಿ ಎಂಬ ಅರ್ಥದ ತತ್ತ್ವಾರ್ಥಸೂತ್ರದ ಸೂತ್ರ ಎಲ್ಲಕ್ಕಿಂತ ಕೆಳಗಿದೆ. ನಾಲ್ಕು ಬೆರಳಗಲದ ಜಾಗದಲ್ಲಿ ಇಷ್ಟೊಂದು ವಿಷಯ. ಬಿಡಿಸಿ ಬರೆಯಲು ಹೋದರೆ ಎರಡು ಪುಟ ಬೇಕಾದೀತು.

ಇಂದು ಶಿಕ್ಷಕರ ತರಬೇತಿಗಳಲ್ಲಿ ‘ಇನ್ಫೋಗ್ರಾಫಿಕ್’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಕನ್ನಡದಲ್ಲಿ ಮಾಹಿತಿಚಿತ್ರ ಎನ್ನುತ್ತಾರೆ. ಶಾಲೆಯ ಮಕ್ಕಳ ಬಾಯಲ್ಲಿ ಅದು ಬರೀ ‘ಚಾರ್ಟ್’. ಹೆಸರು ಯಾವುದಾದರೂ ಇರಲಿ, ಅಂಕಿ, ಕ್ರಮ, ಸಂಬಂಧ, ಜಾಗ, ಕಾಲ ಇವುಗಳನ್ನು ಚಿತ್ರ ಮತ್ತು ಕೆಲವೇ ಮಾತುಗಳಲ್ಲಿ ಕಣ್ಣಿಗೆ ಕಾಣುವಂತೆ ಮಾಡುವುದು ಅದರ ಕೆಲಸ. ಅಂದಕ್ಕಾಗಿ ಹಾಕಿದ ಚಿತ್ರ ಮಾಹಿತಿಚಿತ್ರವಲ್ಲ. ಪಾಠದ ಪಕ್ಕದಲ್ಲಿ ನಗುವ ಸೂರ್ಯನ ಚಿತ್ರ ಅಂಟಿಸಿದರೆ ಅದು ಅಲಂಕಾರ. ಯಾವ ತಿಂಗಳಲ್ಲಿ ಹಗಲು ಎಷ್ಟು ಹೊತ್ತು ಎಂಬುದನ್ನು ಹನ್ನೆರಡು ಗೆರೆಗಳಲ್ಲಿ ತೋರಿಸಿದರೆ ಅದು ಮಾಹಿತಿಚಿತ್ರ.

ಈ ವಿಷಯ ಕಲಬುರಗಿ ಜಿಲ್ಲೆಯ ಐನಾಪುರದಂಥ ಊರುಗಳಿಗೆ ಹೆಚ್ಚು ಮುಖ್ಯ. (ಇದು ಚಿಂಚೋಳಿ ತಾಲ್ಲೂಕಿನ ಐನಾಪುರ. ನಮ್ಮವರ ಮನೆಗಳು ಬಹಳವಿರುವ ಕಾಗವಾಡ ತಾಲ್ಲೂಕಿನ ಐನಾಪುರ ಬೇರೆ.) ಚಿಂಚೋಳಿ, ಸೇಡಂ ಕಡೆ ತೆಲಂಗಾಣದ ಗಡಿ ಹತ್ತಿರ. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು, ತೆಲುಗು ಆಡುವ ಮಗು, ಉರ್ದು ಆಡುವ ಮಗು, ತಾಂಡಾದಿಂದ ಬರುವ ಲಂಬಾಣಿ ಮಾತಿನ ಮಗು ಒಟ್ಟಿಗೆ ಕೂತಿರುತ್ತವೆ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಕನ್ನಡವೂ ಅಲ್ಲ. ಕನ್ನಡ ಮನೆಮಾತಿನ ಮಗುವಿಗೂ ‘ಬಾಷ್ಪೀಭವನ’ ಎಂಬ ಶಬ್ದ ಹೊಸದೇ. ಕೆರೆಯ ನೀರು ಬಿಸಿಲಿಗೆ ಆವಿಯಾಗಿ ಮೇಲೇರಿ, ಮೋಡವಾಗಿ, ಮಳೆಯಾಗಿ ಮತ್ತೆ ಕೆರೆಗೆ ಇಳಿಯುವುದನ್ನು ಬಾಣದ ಗುರುತಿನ ಒಂದು ಚಿತ್ರ ತೋರಿಸಿದರೆ, ವಿಷಯ ಮೊದಲು ತಿಳಿಯುತ್ತದೆ, ಶಬ್ದ ಆಮೇಲೆ ಅಂಟಿಕೊಳ್ಳುತ್ತದೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ಕಲಬುರಗಿ ಜಿಲ್ಲೆ ಶೇ. 42.43 ಪಡೆದು ಕೊನೆಯಲ್ಲಿತ್ತು. ಅಂದರೆ ಪರೀಕ್ಷೆಗೆ ಕೂತ ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಆ ಸಲ ಪಾಸಾಗಲಿಲ್ಲ. ಇದಕ್ಕೆ ಶಿಕ್ಷಕರ ಕೊರತೆ, ವಲಸೆ, ಬಡತನ ಹೀಗೆ ಹತ್ತು ಕಾರಣ ಹೇಳಬಹುದು. ಗೋಡೆಗೆ ಚಾರ್ಟ್ ಅಂಟಿಸಿದ ಮಾತ್ರಕ್ಕೆ ಇವು ತೀರುವುದಿಲ್ಲ. ಆದರೆ ಹತ್ತನೆಯ ತರಗತಿಯಲ್ಲಿ ಎಡವುವ ಮಗು ನಾಲ್ಕು-ಐದನೆಯ ತರಗತಿಯಲ್ಲೇ ಭಿನ್ನರಾಶಿ, ಶೇಕಡಾ, ನಕಾಶೆ ಇವುಗಳಲ್ಲಿ ಎಡವಲು ಶುರುಮಾಡಿರುತ್ತದೆ. ಚಿತ್ರ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿ.

ನಮ್ಮ ಪರಂಪರೆಯಲ್ಲಿ ಚಿತ್ರಪಾಠ

ಚಿತ್ರದಿಂದ ತತ್ತ್ವ ಹೇಳುವುದು ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಜೈನಮಠದ ಗೋಡೆಗಳಲ್ಲಿರುವ ಹಳೆಯ ವರ್ಣಚಿತ್ರಗಳಲ್ಲಿ ಷಡ್ಲೇಶ್ಯೆಯ ಮರದ ಚಿತ್ರವೂ ಒಂದು. ಪಾಠಶಾಲೆಗೆ ಹೋದ ಮಕ್ಕಳಿಗೆಲ್ಲ ಈ ಕಥೆ ಗೊತ್ತು. ಹಸಿದ ಆರು ಮಂದಿ ಹಣ್ಣಿನ ಮರದ ಬಳಿ ಬರುತ್ತಾರೆ. ಸಾಮಾನ್ಯವಾಗಿ ನೇರಳೆ ಮರ ಎಂದು ಹೇಳುವುದುಂಟು. ಒಬ್ಬ ಬುಡಕ್ಕೇ ಕೊಡಲಿ ಹಾಕುತ್ತಾನೆ. ಇನ್ನೊಬ್ಬ ದೊಡ್ಡ ಕೊಂಬೆ ಕಡಿಯುತ್ತಾನೆ. ಮೂರನೆಯವನು ಸಣ್ಣ ರೆಂಬೆ, ನಾಲ್ಕನೆಯವನು ಹಣ್ಣಿನ ಗೊಂಚಲು, ಐದನೆಯವನು ಮಾಗಿದ ಹಣ್ಣು ಮಾತ್ರ. ಆರನೆಯವನು ನೆಲಕ್ಕೆ ಬಿದ್ದದ್ದನ್ನು ಆರಿಸಿ ತಿನ್ನುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಆರು ಲೇಶ್ಯೆಗಳ ಹೆಸರು. ಮೊದಲ ಮೂರು ಅಶುಭ, ಕೊನೆಯ ಮೂರು ಶುಭ.

ಶಿಕ್ಷಕರು ಈ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಇದರಲ್ಲಿ ಹೇಳುವ ವಿಷಯ ಒಂದೇ, ಭಾವದ ತೀವ್ರತೆ. ಆ ತೀವ್ರತೆಗೆ ಬಣ್ಣದ ಕ್ರಮ ಇದೆ, ಕಪ್ಪಿನಿಂದ ಬಿಳಿಗೆ. ಕೆಲಸದ ಕ್ರಮವೂ ಇದೆ, ಬುಡದಿಂದ ಬಿದ್ದ ಹಣ್ಣಿನವರೆಗೆ. ಎರಡು ಕ್ರಮಗಳೂ ಒಂದನ್ನೊಂದು ಬೆಂಬಲಿಸುತ್ತವೆ. ಆರು ಹೆಸರು ಬಿಟ್ಟರೆ ಬೇರೆ ಮಾತು ಬೇಕಿಲ್ಲ. ಓದಲು ಬಾರದವರೂ ಒಬ್ಬರಿಂದ ಒಂದು ಸಲ ಕೇಳಿಕೊಂಡರೆ ಮುಂದೆ ತಾವೇ ಮೊಮ್ಮಕ್ಕಳಿಗೆ ಹೇಳಬಲ್ಲರು. ಇಷ್ಟೆಲ್ಲ ಆದ ಮೇಲೂ ಚಿತ್ರ ಒಂದು ಪ್ರಶ್ನೆಯನ್ನು ಉಳಿಸುತ್ತದೆ: ಆರು ಮಂದಿಗೂ ಹಸಿವು ಒಂದೇ, ಹಾಗಾದರೆ ವ್ಯತ್ಯಾಸ ಎಲ್ಲಿದೆ? ತರಗತಿಯ ಚರ್ಚೆ ಅಲ್ಲಿಂದ ಪ್ರಾರಂಭವಾಗಬೇಕು.

ಹದಿನಾಲ್ಕು ರಜ್ಜು ಎತ್ತರದ ಲೋಕಪುರುಷನ ಚಿತ್ರ, ಜಂಬೂದ್ವೀಪದ ನಕಾಶೆ, ಸಮವಸರಣದ ವರ್ತುಲಗಳು, ಇಪ್ಪತ್ನಾಲ್ಕು ತೀರ್ಥಂಕರರ ಲಾಂಛನಗಳ ಪಟ್ಟಿ, ಕರ್ಮದ ಏರಿಳಿತವನ್ನು ಏಣಿ-ಹಾವುಗಳಲ್ಲಿ ತೋರಿಸುವ ಜ್ಞಾನ ಚೌಪಡದ ಹಲಗೆ, ಇವೆಲ್ಲವೂ ಇದೇ ಜಾತಿಯವು. ಇವುಗಳಲ್ಲಿ ಲಾಂಛನಗಳ ಪಟ್ಟಿ ತುಂಬ ಸರಳ, ತುಂಬ ಉಪಯುಕ್ತ. ಎತ್ತು ಕಂಡರೆ ಆದಿನಾಥರು, ಶಂಖ ಕಂಡರೆ ನೇಮಿನಾಥರು, ಸಿಂಹ ಕಂಡರೆ ಮಹಾವೀರರು. ಮಗು ಒಮ್ಮೆ ಇದನ್ನು ಕಲಿತರೆ ಯಾವ ಊರಿನ ಬಸದಿಗೆ ಹೋದರೂ ಪೀಠದ ಮೇಲಿನ ಗುರುತು ನೋಡಿ ಮೂರ್ತಿ ಯಾರದೆಂದು ತಾನೇ ಹೇಳುತ್ತದೆ.

ಐನಾಪುರದ ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡವನ್ನೂ ಇಲ್ಲಿ ನೆನೆಯಬೇಕು. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಅಂಕಿಗಳ ಹಾರಗಳು ಬರುತ್ತವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111, ಅಂದರೆ ಎಂಟು ಒಂದುಗಳ ಸಾಲು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಲೆಕ್ಕವನ್ನು ಕಣ್ಣಿಗೆ ಹಾರದಂತೆ ಕಾಣಿಸಿದರೆ ವಿದ್ಯಾರ್ಥಿ ಅದನ್ನು ಬಿಡುವುದಿಲ್ಲ ಎಂಬುದು ಆ ಆಚಾರ್ಯರಿಗೆ ತಿಳಿದಿತ್ತು. ಸೇಡಂ-ಚಿಂಚೋಳಿಯ ಶಾಲೆಗಳಲ್ಲಿ ಗುಣಾಕಾರದ ಪಾಠಕ್ಕೆ ಈ ಎರಡು ಲೆಕ್ಕ ಹಾರದ ಆಕಾರದಲ್ಲಿ ಬರೆದು ತೂಗುಹಾಕಿದರೆ ಖರ್ಚು ಒಂದು ಹಾಳೆ ಕಾಗದದ್ದು. ತಮ್ಮ ನೆರೆಯ ಊರಿನ ಹೆಸರು ಗಣಿತದ ಇತಿಹಾಸದಲ್ಲಿದೆ ಎಂಬುದೂ ಮಕ್ಕಳಿಗೆ ಗೊತ್ತಾಗುತ್ತದೆ.

ಹೊರಗಿನ ಪ್ರಪಂಚದಲ್ಲಿ ಇದು ಬೆಳೆದ ಬಗೆ

ಅಂಕಿಗಳನ್ನು ಕಂಬ ಮತ್ತು ಗೆರೆಗಳಲ್ಲಿ ತೋರಿಸುವ ಪದ್ಧತಿಗೆ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಪುಸ್ತಕವೇ ಬುನಾದಿ. ಆ ಪುಸ್ತಕದ ವಿಷಯ ದೇಶ-ದೇಶಗಳ ನಡುವಿನ ವ್ಯಾಪಾರ. ಆಮದು ಎಷ್ಟು, ರಫ್ತು ಎಷ್ಟು ಎಂದು ತೋರಿಸಲು ಹೊರಟವನಿಗೆ ಈ ಉಪಾಯ ಹೊಳೆದದ್ದು. ರೊಟ್ಟಿಯನ್ನು ತುಂಡು ಮಾಡಿದಂತೆ ಕಾಣುವ ವೃತ್ತಚಿತ್ರವೂ ಅವನದೇ, 1801ರಲ್ಲಿ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸತ್ತರು ಎಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಹೂವಿನ ಎಸಳಿನಂಥ ಚಿತ್ರದಲ್ಲಿ ತೋರಿಸಿದಳು. ಸೇವಾಮನೋಭಾವದ ನರ್ಸ್ ಎಂದು ಅವಳ ಪಾಠ ಶಾಲೆಯಲ್ಲಿ ಇರುತ್ತದೆ. ಅವಳು ಅಂಕಿಸಂಖ್ಯೆಯಲ್ಲೂ ಪ್ರವೀಣೆ ಎಂಬುದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಚಿತ್ರದಿಂದ ಕಲಿಕೆ ಯಾಕೆ ಸುಲಭವಾಗುತ್ತದೆ ಎಂಬುದಕ್ಕೆ ಅಲನ್ ಪೈವಿಯೊ ಎಂಬ ಮನಃಶಾಸ್ತ್ರಜ್ಞ 1971ರಲ್ಲಿ ಒಂದು ವಿವರಣೆ ಕೊಟ್ಟರು. ಮನಸ್ಸು ಮಾತನ್ನು ಒಂದು ದಾರಿಯಲ್ಲಿ, ಚಿತ್ರವನ್ನು ಇನ್ನೊಂದು ದಾರಿಯಲ್ಲಿ ಗ್ರಹಿಸುತ್ತದೆ, ಎರಡೂ ಸೇರಿದರೆ ನೆನಪು ಗಟ್ಟಿಯಾಗುತ್ತದೆ ಎಂಬುದು ಅದರ ಸಾರ. ಅಂಗಡಿಯ ಲೆಕ್ಕವನ್ನು ರೋಜುಕೀರ್ದಿಯಲ್ಲೂ ಖಾತೆಯಲ್ಲೂ ಬರೆದಿಟ್ಟರೆ ಒಂದು ಕಳೆದರೂ ಇನ್ನೊಂದರಿಂದ ಹುಡುಕಬಹುದಲ್ಲ, ಹಾಗೆ. ಮುಂದೆ ರಿಚರ್ಡ್ ಮೇಯರ್ ಎಂಬವರು ಅನೇಕ ಪ್ರಯೋಗಗಳಿಂದ ಕೆಲವು ನಿಯಮಗಳನ್ನು ಕಂಡುಕೊಂಡರು. ಚಿತ್ರ ಮತ್ತು ಅದರ ಮಾತು ಅಕ್ಕಪಕ್ಕದಲ್ಲಿರಬೇಕು. ವಿಷಯಕ್ಕೆ ಸಂಬಂಧವಿಲ್ಲದ ಅಲಂಕಾರವನ್ನು ತೆಗೆದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ. ಮುಖ್ಯ ಭಾಗಕ್ಕೆ ಬಣ್ಣದಿಂದಲೋ ಬಾಣದಿಂದಲೋ ಗುರುತು ಹಾಕಬೇಕು. ಎರಡನೆಯ ನಿಯಮವನ್ನು ನಮ್ಮ ಶಾಲೆಗಳಲ್ಲೂ ಪಾಠಶಾಲೆಗಳಲ್ಲೂ ಹೆಚ್ಚು ಮುರಿಯುತ್ತಾರೆ. ಸುತ್ತಲೂ ಬಳ್ಳಿ, ಮೂಲೆಗೆ ನವಿಲು, ಮೇಲೆ ಮಿಂಚಿನ ಪುಡಿ, ನಡುವೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ವಿಷಯ! ಸ್ಪರ್ಧೆಯಲ್ಲಿ ಬಹುಮಾನ ಸಿಗುವುದು ಅಂಥ ಚಾರ್ಟಿಗೇ.

ವಾಟ್ಸಾಪಿನಲ್ಲಿ ಓಡಾಡುವ ಕೆಲವು ಮಾತುಗಳನ್ನು ಮಾತ್ರ ಯಾರೂ ನಂಬಬಾರದು. ‘ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ನೋಡಿದ್ದರಲ್ಲಿ ಶೇ. 30’ ಎಂಬ ತ್ರಿಕೋನದ ಚಿತ್ರ ಬಹಳ ಕಡೆ ಬರುತ್ತದೆ. ಎಡ್ಗರ್ ಡೇಲ್ ಎಂಬವರು 1946ರಲ್ಲಿ ಬರೆದ ಶಂಕುವಿನ ಚಿತ್ರಕ್ಕೆ ಆಮೇಲೆ ಯಾರೋ ಸೇರಿಸಿದ ಅಂಕಿಗಳವು. ಮೂಲದಲ್ಲಿ ಒಂದು ಅಂಕಿಯೂ ಇಲ್ಲ. ‘ನಮ್ಮ ಹುಡುಗ ನೋಡಿ ಕಲಿಯುವವನು, ಓದಿ ಕಲಿಯುವವನಲ್ಲ’ ಎಂದು ತಂದೆತಾಯಿ ಹೇಳುವುದೂ ಹಾಗೆಯೇ. ಮಕ್ಕಳನ್ನು ಹೀಗೆ ಜಾತಿ ಮಾಡಿ ಬೇರೆ ಬೇರೆ ಪಾಠ ಹೇಳಿದರೆ ಹೆಚ್ಚು ಕಲಿಯುತ್ತಾರೆ ಎನ್ನುವುದಕ್ಕೆ ತಕ್ಕ ಆಧಾರ ಇಲ್ಲವೆಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಚಿತ್ರ ಎಲ್ಲ ಮಕ್ಕಳಿಗೂ ಬೇಕು, ಓದೂ ಎಲ್ಲ ಮಕ್ಕಳಿಗೂ ಬೇಕು.

ನಲಿ-ಕಲಿಯ ಏಣಿ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಚಿತ್ರವನ್ನೇ ಆಧಾರವಾಗಿಟ್ಟುಕೊಂಡ ದೊಡ್ಡ ಪ್ರಯೋಗ ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಪ್ರಾರಂಭಿಸಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿದರು. ಅಲ್ಲಿ ಗೋಡೆಯ ಮೇಲೆ ‘ಕಲಿಕಾ ಏಣಿ’ ಇರುತ್ತದೆ. ಏಣಿಯ ಒಂದೊಂದು ಮೆಟ್ಟಿಲಿಗೆ ಒಂದು ಗುರುತಿನ ಚಿತ್ರ. ಅದೇ ಚಿತ್ರ ಕಲಿಕೆಯ ಕಾರ್ಡಿನ ಮೇಲೂ ಇರುತ್ತದೆ. ಇನ್ನೂ ಓದಲು ಬಾರದ ಒಂದನೆಯ ತರಗತಿಯ ಮಗು ಏಣಿಯ ಮೇಲೆ ತಾನು ಎಲ್ಲಿದ್ದೇನೆಂದು ನೋಡಿ, ಆ ಗುರುತಿನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು, ಸರಿಯಾದ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂರುತ್ತದೆ. ‘ಪ್ರಗತಿ ನೋಟ’ದಲ್ಲಿ ಯಾರು ಎಲ್ಲಿಯವರೆಗೆ ಬಂದಿದ್ದಾರೆಂದು ಕಾಣುತ್ತದೆ. ಮಕ್ಕಳ ಕೈಕೆಲಸ ಮೇಲೆ ಕಟ್ಟಿದ ಚಪ್ಪರದಿಂದ ತೂಗುತ್ತದೆ.

ನಲಿ-ಕಲಿಯ ಬಗ್ಗೆ ಪರ-ವಿರೋಧ ಎರಡೂ ಇವೆ. ಆದರೆ ಈ ಏಣಿಯಿಂದ ಒಂದು ವಿಷಯ ಕಲಿಯಬಹುದು: ಮಗು ಪ್ರತಿದಿನ ಮುಟ್ಟಿ ಬಳಸುವ ಚಿತ್ರ ಮಾತ್ರ ಉಪಯೋಗಕ್ಕೆ ಬರುತ್ತದೆ. ತಪಾಸಣೆಗೆ ಬರುವ ಅಧಿಕಾರಿಗೆ ತೋರಿಸಲು ತೂಗುಹಾಕಿದ್ದು ಧೂಳು ತಿನ್ನುತ್ತದೆ.

ತೊಗರಿಯಿಂದ ಶೇಕಡಾ

ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಐನಾಪುರದ ಮಗುವಿಗೆ ಶೇಕಡಾ ಕಲಿಸಲು ಸೇಬಿನ ಚಿತ್ರ ಯಾಕೆ? ನೂರು ಕಿಲೊ ತೊಗರಿಯನ್ನು ಮಿಲ್ಲಿಗೆ ಹಾಕಿದರೆ ಸುಮಾರು ಎಪ್ಪತ್ತು ಕಿಲೊ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಕಾಳಿನ ಗುಣ, ಮಿಲ್ಲಿನ ಸ್ಥಿತಿ ನೋಡಿಕೊಂಡು ಎರಡು-ಮೂರು ಕಿಲೊ ಆಚೆಈಚೆ ಆಗುತ್ತದೆ. ಹತ್ತು ಅಡ್ಡ, ಹತ್ತು ಉದ್ದ, ಒಟ್ಟು ನೂರು ಚೌಕದ ಮನೆ ಬರೆಯಬೇಕು. ಎಪ್ಪತ್ತು ಮನೆಗೆ ಹಳದಿ ಬಣ್ಣ, ಉಳಿದ ಮೂವತ್ತಕ್ಕೆ ಕಂದು. ಶೇ. 70 ಅಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ಪ್ರಶ್ನೆ: ಐವತ್ತು ಕಿಲೊ ಚೀಲಕ್ಕೆ ಬೇಳೆ ಎಷ್ಟು? ಮಗು ಚಿತ್ರವನ್ನು ನಡುವೆ ಮಡಚಿ ನೋಡಿ ಮೂವತ್ತೈದು ಎನ್ನುತ್ತದೆ. ಹೊಲದವರ ಮಗುವೂ ಅಡತಿ ಅಂಗಡಿಯವರ ಮಗುವೂ ಇದನ್ನು ಮನೆಗೆ ಹೋಗಿ ಹೇಳಿದರೆ ದೊಡ್ಡವರೂ ಕಿವಿಗೊಡುತ್ತಾರೆ.

ಹಾಗೆಯೇ ಬೆಳೆಯ ಚಕ್ರ. ಒಂದು ವರ್ತುಲವನ್ನು ಹನ್ನೆರಡು ತಿಂಗಳಿಗೆ ಭಾಗ ಮಾಡಿ, ಜೂನ್-ಜುಲೈಯಲ್ಲಿ ತೊಗರಿ ಬಿತ್ತನೆ, ಡಿಸೆಂಬರ್-ಜನವರಿಯಲ್ಲಿ ರಾಶಿ ಎಂದು ಒಂದು ಪಟ್ಟಿ ಎಳೆಯಬೇಕು. ಹೆಸರು, ಉದ್ದು ಅದಕ್ಕಿಂತ ಮೊದಲೇ ಕೈಗೆ ಬರುತ್ತವೆ, ಅವುಗಳ ಪಟ್ಟಿ ಗಿಡ್ಡ. ಹಿಂಗಾರಿ ಜೋಳ, ಕಡಲೆಯ ಪಟ್ಟಿಗಳು ಮಳೆಗಾಲ ಮುಗಿಯುತ್ತಿದ್ದಂತೆ ಶುರುವಾಗುತ್ತವೆ. ಹೊರ ಅಂಚಿನಲ್ಲಿ ಮೃಗಶಿರ, ಆರಿದ್ರಾ ಎಂದು ಮಳೆ ನಕ್ಷತ್ರಗಳನ್ನು ಅಜ್ಜನನ್ನು ಕೇಳಿ ಮಕ್ಕಳೇ ಬರೆಯಲಿ. ಇದರ ಪಕ್ಕದಲ್ಲೇ ತರಗತಿಯ ಹಾಜರಿಯ ಕಂಬಚಿತ್ರ ಇಟ್ಟರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಈ ಭಾಗದ ಊರು, ತಾಂಡಾಗಳಿಂದ ಪುಣೆ, ಮುಂಬಯಿಗೆ ದುಡಿಯಲು ಹೋಗುವ ಕುಟುಂಬಗಳಿವೆ. ರಾಶಿಯ ಕೆಲಸಕ್ಕೆ ಮನೆಯಲ್ಲೇ ಉಳಿಯುವ ಮಕ್ಕಳೂ ಇದ್ದಾರೆ. ಯಾವ ತಿಂಗಳಲ್ಲಿ ಕಂಬ ಕುಗ್ಗುತ್ತದೆ ಎಂದು ನೋಡಿದರೆ ಶಾಲಾಭಿವೃದ್ಧಿ ಸಮಿತಿಯವರಿಗೆ ಯಾವ ಮನೆಗೆ ಯಾವಾಗ ಹೋಗಬೇಕೆಂದು ತಿಳಿಯುತ್ತದೆ. ಆದರೆ ಮಗುವಿನ ಹೆಸರು ಹಾಕಿ ಗೋಡೆಗೆ ಅಂಟಿಸಬಾರದು. ಮೊದಲೇ ಹಿಂದೆ ಬಿದ್ದವನಿಗೆ ಅದು ದಿನದಿನದ ಅವಮಾನ.

ಚಿತ್ರ ಸುಳ್ಳು ಹೇಳಬಹುದು

ಮೇಲೆ ಹೇಳಿದ ಎಸ್ಸೆಸ್ಸೆಲ್ಸಿ ಅಂಕಿಗಳನ್ನೇ ಕಂಬಚಿತ್ರವಾಗಿ ಬರೆಯೋಣ ಎಂದುಕೊಳ್ಳಿ. ಸೊನ್ನೆಯಿಂದ ಅಳತೆ ಶುರುಮಾಡಿದರೆ ದಕ್ಷಿಣ ಕನ್ನಡದ ಕಂಬ ಕಲಬುರಗಿಯ ಕಂಬದ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಸತ್ಯವೂ ಅಷ್ಟೇ. ಈಗ ಜಾಗ ಉಳಿಸಲೆಂದು ಅಳತೆಯನ್ನು 40ರಿಂದ ಶುರುಮಾಡಿದರೆ? ಒಂದಕ್ಕೆ 51.12ರಷ್ಟು ಎತ್ತರ, ಇನ್ನೊಂದಕ್ಕೆ ಬರೀ 2.43. ಇಪ್ಪತ್ತೊಂದು ಪಟ್ಟು ವ್ಯತ್ಯಾಸ ಇದ್ದಂತೆ ಕಾಣುತ್ತದೆ. ಅಂಕಿ ಒಂದೂ ಸುಳ್ಳಲ್ಲ, ಚಿತ್ರ ಪೂರ್ತಿ ಸುಳ್ಳು. ತಕ್ಕಡಿ ಸರಿ ಇದ್ದು, ತಟ್ಟೆಯ ಕೆಳಗೆ ಕಲ್ಲು ಅಂಟಿಸಿದ ಹಾಗೆ. ಎಂಟು-ಒಂಬತ್ತನೆಯ ತರಗತಿಯ ಮಕ್ಕಳಿಂದ ಎರಡೂ ಚಿತ್ರ ಬರೆಸಿ ಅಕ್ಕಪಕ್ಕ ಇಡಿಸಬೇಕು. ನಾಳೆ ಚುನಾವಣೆಯ ಜಾಹೀರಾತು, ಟಿವಿಯ ಸಮೀಕ್ಷೆ, ಚಿಟ್‌ಫಂಡಿನ ಲಾಭದ ಚಿತ್ರ ನೋಡುವಾಗ ಮೊದಲು ಕೆಳಗಿನ ಅಂಕಿ ಎಲ್ಲಿಂದ ಶುರುವಾಗಿದೆ ಎಂದು ನೋಡುವ ಅಭ್ಯಾಸ ಅವರಿಗೆ ಬರುತ್ತದೆ.

ನಮ್ಮ ಪಾಠಶಾಲೆಗಳ ಕಾಲಚಕ್ರದ ಚಿತ್ರವನ್ನೂ ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಅವಸರ್ಪಿಣಿಯ ಆರು, ಉತ್ಸರ್ಪಿಣಿಯ ಆರು, ಒಟ್ಟು ಹನ್ನೆರಡು ಕಾಲಗಳನ್ನು ಸಾಮಾನ್ಯವಾಗಿ ಹನ್ನೆರಡು ಸಮ ಭಾಗಗಳಾಗಿ ಬರೆಯುತ್ತಾರೆ. ಶಾಸ್ತ್ರ ಹೇಳುವ ಅಳತೆ ಸಮವಲ್ಲ. ಅವಸರ್ಪಿಣಿಯಲ್ಲಿ ಸುಷಮಸುಷಮ ನಾಲ್ಕು ಕೋಡಾಕೋಡಿ ಸಾಗರೋಪಮ, ಸುಷಮ ಮೂರು, ಸುಷಮದುಷ್ಷಮ ಎರಡು, ದುಷ್ಷಮಸುಷಮ ಒಂದರಲ್ಲಿ 42,000 ವರ್ಷ ಕಡಿಮೆ. ನಾವಿರುವ ದುಷ್ಷಮ 21,000 ವರ್ಷ, ಆಮೇಲಿನದೂ ಅಷ್ಟೇ. ಅಳತೆಗೆ ಸರಿಯಾಗಿ ಅರ್ಧಚಕ್ರ ಬರೆದರೆ ಮೊದಲ ಕಾಲಕ್ಕೆ 72 ಡಿಗ್ರಿ, ಎರಡನೆಯದಕ್ಕೆ 54, ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 18 ಹೋಗಿಬಿಡುತ್ತದೆ. ನಮ್ಮ ಕಾಲಕ್ಕೆ ಪೆನ್ಸಿಲ್ಲಿನ ಗೆರೆಯಷ್ಟು ಜಾಗವೂ ಉಳಿಯುವುದಿಲ್ಲ. ಸಮ ಭಾಗದ ಚಿತ್ರ ತಪ್ಪು ಎಂದಲ್ಲ. ಕ್ರಮ ತಿಳಿಸಲು ಅದು ಬೇಕು. ಆದರೆ ‘ಈ ಚಿತ್ರ ಕ್ರಮಕ್ಕೆ ಮಾತ್ರ, ಅಳತೆಗೆ ಅಲ್ಲ’ ಎಂದು ಕೆಳಗೆ ಒಂದು ಸಾಲು ಬರೆಯಬೇಕು. ಸಾಧ್ಯವಾದರೆ ಪಕ್ಕದಲ್ಲಿ ಅಳತೆಯ ಚಿತ್ರವನ್ನೂ ಬರೆಸಬೇಕು. ಕೋನಮಾಪಕ ಹಿಡಿದು ಈ ಅರ್ಧಚಕ್ರ ಬರೆದ ಮಗುವಿಗೆ ಗಣಿತವೂ ಆಯಿತು, ಧರ್ಮಪಾಠವೂ ಆಯಿತು. ತನ್ನ ಕಾಲ ಕಣ್ಣಿಗೇ ಕಾಣದಷ್ಟು ಸಣ್ಣದು ಎಂಬುದು ಮಾತಿನಲ್ಲಿ ಹೇಳಿದಾಗ ತಟ್ಟುವುದಕ್ಕಿಂತ ಅಲ್ಲಿ ಹೆಚ್ಚು ತಟ್ಟುತ್ತದೆ.

ಮಾಡುವ ಬಗೆ

ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಇದ್ದರೆ ಒಳ್ಳೆಯದೇ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ತಾಣದ ಚಿತ್ರ, ವೀಡಿಯೊಗಳೂ ಸಿಗುತ್ತವೆ. ಆದರೆ ಕರೆಂಟು, ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಚಾರ್ಟ್ ಹಾಳೆ, ಸ್ಕೆಚ್ ಪೆನ್ನು, ಅಳತೆಪಟ್ಟಿಯೇ ಗಟ್ಟಿ. ಅಂಗಡಿಯಲ್ಲಿ ಸಿಗುವ ಅಚ್ಚಿನ ಚಾರ್ಟುಗಳನ್ನು ಕೊಂಡು ತರುವುದು ಸುಲಭ. ಅವು ಎಲ್ಲ ಊರಿಗೂ ಒಂದೇ, ಹಾಗಾಗಿ ಯಾವ ಊರಿಗೂ ಪೂರ್ತಿ ಹೊಂದುವುದಿಲ್ಲ.

ಮೊದಲು ಈ ಚಿತ್ರ ಯಾವ ಒಂದು ಪ್ರಶ್ನೆಗೆ ಉತ್ತರ ಎಂದು ನಿರ್ಧರಿಸಬೇಕು. ‘ನೀರು’ ಎಂಬುದು ಪ್ರಶ್ನೆಯಲ್ಲ. ‘ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಯಾವುದಕ್ಕೆ ಹೋಗುತ್ತದೆ?’ ಎಂಬುದು ಪ್ರಶ್ನೆ. ಮಕ್ಕಳು ಮೂರು ದಿನ ಮನೆಯಲ್ಲಿ ಎಣಿಸಿ ಬರಲಿ. ಒಂದು ಕೊಡಕ್ಕೆ ಒಂದು ಕೊಡದ ಚಿತ್ರ. ನೀರು ಗಾಳಿಸಿ ಕುಡಿಯುವ ನಮ್ಮ ಮನೆಗಳ ಮಕ್ಕಳು ಅದನ್ನೂ ಸೇರಿಸಲಿ. ಕರಡನ್ನು ಪಾಟಿಯ ಮೇಲೋ ಹಳೆಯ ಪತ್ರಿಕೆಯ ಮೇಲೋ ಬರೆದು, ತಪ್ಪು ತಿದ್ದಿ, ಆಮೇಲೆ ಚಾರ್ಟಿಗೆ ಇಳಿಸಬೇಕು. ಶಿಕ್ಷಕರು ರಾತ್ರಿ ಕೂತು ಚೆಂದವಾಗಿ ಬರೆದು ತಂದ ಚಿತ್ರಕ್ಕಿಂತ ಮಕ್ಕಳು ಸೊಟ್ಟಗೆ ಬರೆದದ್ದರಿಂದ ಕಲಿಕೆ ಹೆಚ್ಚು. ಬರೆಯಲು ಅಂಕಿ ಹುಡುಕಬೇಕು, ಅಳತೆ ಮಾಡಬೇಕು, ಯಾವುದು ಮುಖ್ಯ ಎಂದು ತಮ್ಮಲ್ಲೇ ಜಗಳಾಡಬೇಕು. ಕಲಿಕೆ ಆಗುವುದು ಆ ಹೊತ್ತಿನಲ್ಲಿ.

ಬಣ್ಣ ಮೂರು-ನಾಲ್ಕು ಸಾಕು. ಕೆಂಪು-ಹಸಿರಿನ ಭೇದ ತಿಳಿಯದ ಮಕ್ಕಳು, ಅದರಲ್ಲೂ ಗಂಡು ಮಕ್ಕಳು, ಪ್ರತಿ ಶಾಲೆಯಲ್ಲೂ ಒಬ್ಬಿಬ್ಬರು ಇರಬಹುದು. ಅವರಿಗೇ ಅದು ಗೊತ್ತಿರುವುದಿಲ್ಲ. ಆದ್ದರಿಂದ ಬಣ್ಣದ ಜೊತೆಗೆ ಗೆರೆ, ಚುಕ್ಕೆ, ಹೆಸರು ಇರಬೇಕು. ದೃಷ್ಟಿ ಇಲ್ಲದ ಮಗು ತರಗತಿಯಲ್ಲಿದ್ದರೆ ಗೆರೆಯ ಮೇಲೆ ದಪ್ಪ ದಾರ, ಕಂಬದೊಳಗೆ ತೊಗರಿ ಕಾಳು ಅಂಟಿಸಿದರೆ ಬೆರಳಿಂದ ಓದಬಹುದು. ಕಣ್ಣಿರುವ ಮಕ್ಕಳೂ ಅದನ್ನೇ ಮುಟ್ಟಿ ನೋಡುತ್ತಾರೆ.

ಚಿತ್ರ ತೋರಿಸಿದ ಮೇಲೆ ಸುಮ್ಮನೆ ವಿವರಿಸುತ್ತ ಹೋಗಬಾರದು. ಒಂದು ನಿಮಿಷ ಮಕ್ಕಳು ನೋಡಲಿ. ‘ಏನು ಕಾಣುತ್ತದೆ?’ ಎಂದು ಕೇಳಬೇಕು, ಆಮೇಲೆ ‘ಯಾಕೆ ಹೀಗಿದೆ?’ ಎಂದು, ಕೊನೆಗೆ ‘ಇದರಲ್ಲಿ ಏನು ಇಲ್ಲ?’ ಎಂದು. ಪಾಠ ಮುಗಿದ ಮೇಲೆ ಚಾರ್ಟ್ ತಿರುಗಿಸಿಟ್ಟು, ಅದೇ ಚಿತ್ರವನ್ನು ನೆನಪಿನಿಂದ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಬೇಕು. ಎಷ್ಟು ತಲೆಗೆ ಹೋಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಲಬುರಗಿ ಕಡೆಯ ಎಷ್ಟೋ ಊರುಗಳಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಎರಡು ಮನೆಯ ಮಕ್ಕಳಿಗಾಗಿ ವಾರದ ಪಾಠಶಾಲೆ ನಡೆಸುವುದು ಆಗದ ಮಾತು. ಬೇಸಿಗೆ ರಜೆಯ ಸಂಸ್ಕಾರ ಶಿಬಿರಗಳಲ್ಲಿ ಕಲಿತದ್ದು ಜೂನ್ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಶಿಬಿರದಲ್ಲೇ ಪ್ರತಿ ಮಗುವಿನಿಂದ ಮೂರು ಚಿತ್ರ ಬರೆಸಿ ಮನೆಗೆ ಕೊಟ್ಟು ಕಳಿಸಬಹುದು: ಲಾಂಛನಗಳ ಪಟ್ಟಿ, ಲೇಶ್ಯೆಯ ಮರ, ಅಳತೆಯ ಕಾಲಚಕ್ರ. ದಶಲಕ್ಷಣ ಪರ್ವದ ಹತ್ತು ದಿನಕ್ಕೆ ಹತ್ತು ಮನೆಯ ಒಂದು ಪಟ್ಟಿ ಮಾಡಿ, ಆ ದಿನದ ಧರ್ಮದ ಮನೆಯನ್ನು ಮಗುವೇ ಸಂಜೆ ತುಂಬಲಿ. ಅಜ್ಜಿ ಪಕ್ಕದಲ್ಲಿ ಕೂತರೆ ಬೇರೆ ಶಿಕ್ಷಕರು ಬೇಕಿಲ್ಲ.

ತೂಗುಹಾಕುವ ಎತ್ತರದ ಬಗ್ಗೆ ಒಂದು ಮಾತು. ಹೆಚ್ಚಿನ ಶಾಲೆಗಳಲ್ಲಿ ಚಾರ್ಟುಗಳು ಸೂರಿನ ಹತ್ತಿರ ಇರುತ್ತವೆ, ಮಕ್ಕಳು ಹರಿದುಬಿಡುತ್ತಾರೆ ಎಂಬ ಭಯಕ್ಕೆ. ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಸಬೇಕು. ಹರಿದರೆ ಇನ್ನೊಂದು ಬರೆಯಬಹುದು, ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಅಂಟಿಸುವ ಮೊದಲು ಒಬ್ಬರು ಹಿಂದಿನ ಬೆಂಚಿನಲ್ಲಿ, ಕಿಟಕಿಯ ಬೆಳಕು ಬೀಳುವ ಮೂಲೆಯಲ್ಲಿ ಕೂತು, ಅಕ್ಷರ ಓದಲು ಬರುತ್ತದೆಯೇ ಎಂದು ನೋಡಬೇಕು. ಓದಲು ಬಾರದಿದ್ದರೆ ಅಕ್ಷರ ದೊಡ್ಡದು ಮಾಡುವ ಮೊದಲು, ಮಾತು ಕಡಿಮೆ ಮಾಡಿ ನೋಡುವುದು ಒಳ್ಳೆಯದು.